ವಿಧವೆಯ ಮುದ್ರೆಯಿದ್ದ ಬೆಳ್ಳಿ ಚಮಚ

ಸ್ವೀಡನ್ನಿನ ಎಸ್ಕಿಲ್‌ಸ್ಟುನಾದಲ್ಲಿ ಮೊಮ್ಮಗಳ ಅನ್ನಪ್ರಾಶನ. ಬೆಂಗಳೂರಿನಿಂದ ಬೆಳ್ಳಿ ಬಟ್ಟಲು ಹೊತ್ತು ತಂದ ನಾನು ಚಮಚ ಮರೆತು ಬಂದಿದ್ದೆ. ಕೆಳಗಿನ ಮನೆಯಲ್ಲಿ ಒಬ್ಬರೇ ಇರುವ ಸ್ವೀಡಿಷ್ ಅಜ್ಜಿಗೆ ಮಗಳು ಇದನ್ನು ಹೇಳಿಕೊಂಡಳಂತೆ. ಮರುದಿನವೇ ಅವರು ಮೆತ್ತನೆ ಬಟ್ಟೆಯಲ್ಲಿ ಸುತ್ತಿದ ಹಳೇ ಇಂಗ್ಲಿಷ್ ಚಮಚವೊಂದನ್ನು ತಂದುಕೊಟ್ಟರು. ಹಿಡಿಯ ಹಿಂದೆ ನಮ್ಮ ಹಾಲ್‌ಮಾರ್ಕಿನಂಥ ಸಣ್ಣ ಮುದ್ರೆಗಳು. ಒಂದನ್ನು ಉಗುರಿನಿಂದ ತೋರಿಸಿ ಅವರು ಇಂಗ್ಲಿಷಿನಲ್ಲಿ ಹೇಳಿದ್ದನ್ನು ಮಗಳು ನನಗೆ ಬಿಡಿಸಿ ಹೇಳಿದಳು.

"ಇದು ಮಾಡಿದೋಳ ಗುರುತಂತೆ ಅಮ್ಮ. ಗಂಡ ಸತ್ಮೇಲೆ ವರ್ಕ್‌ಶಾಪ್ ಮುಚ್ಲಿಲ್ವಂತೆ, ತನ್ನ ಹೆಸರಲ್ಲೇ ಮುದ್ರೆ ಹಾಕ್ತಿದ್ಳಂತೆ. ಸೂಪರ್ ಅಲ್ವಾ?"

ನನ್ನವರು ಹೋದಮೇಲೆ ಮದುವೆ ಮುಂಜಿಗಳಲ್ಲಿ ಯಾರೂ ಹೇಳುವ ಮೊದಲೇ ಹಿಂದಿನ ಸಾಲಿಗೆ ಸರಿಯುವುದನ್ನು ಕಲಿತವಳು ನಾನು. ಈಗ ಮಗುವಿನ ಮೊದಲ ತುತ್ತಿಗೆ ವಿಧವೆ ಮಾಡಿದ ಚಮಚ! ಬೀಗಿತ್ತಿಗೆ ಗೊತ್ತಾದರೆ ಗತಿಯೇನು? ಸ್ವೀಡನ್ನಿಗೂ ಪಂಚಾಂಗ ತಂದ ಮಹರಾಯಿತಿ ಆಕೆ. ನಾಳೆ ಮಗು ಒಂದು ಸಲ ಕೆಮ್ಮಿದರೂ ಮಾತು ಕೇಳಬೇಕಾದವಳು ನನ್ನ ಮಗಳು. "ಅವರ ಮುಂದೆ ಬಾಯಿ ಬಿಡ್ಬೇಡ ಕಣೇ" ಎಂದು ಕೈ ಹಿಡಿದು ಕೇಳಿಕೊಂಡೆ.

ಮಗಳು ಬಾಯಿ ಬಿಡಲಿಲ್ಲ. ಆದರೆ ಅಜ್ಜಿಯನ್ನೂ ಅನ್ನಪ್ರಾಶನದ ಊಟಕ್ಕೆ ಕರೆದಿದ್ದಳು! ಚಮಚ ಕಂಡದ್ದೇ ತಡ, ಅವರು ಕಥೆ ಶುರುಮಾಡಿದರು. ಅಳಿಯ ಹಿಂದೆಮುಂದೆ ನೋಡದೆ ಅಷ್ಟನ್ನೂ ಕನ್ನಡದಲ್ಲಿ ತನ್ನ ತಾಯಿಗೆ ಒಪ್ಪಿಸಿದ. ಬೀಗಿತ್ತಿ ಚಮಚವನ್ನು ತಿರುಗಿಸಿ ಮುದ್ರೆಯನ್ನು ಬಹಳ ಹೊತ್ತು ನೋಡಿದರು.

"ಗಟ್ಟಿಗಿತ್ತಿ ಕಣ್ರೀ" ಎಂದರು. ಮಗುವಿಗೆ ಅದರಲ್ಲೇ ಒಂದು ತುತ್ತು ಪಾಯಸ ತಿನ್ನಿಸಿ, ಚಮಚವನ್ನು ನನ್ನ ಕಡೆ ಚಾಚಿದರು. "ತಗೊಳ್ಳಿ, ಈಗ ನೀವು ಕೊಡಿ."

ನನ್ನ ಕೈ ಮೇಲೇಳಲಿಲ್ಲ.

"ಬೇಡ, ಒಳ್ಳೇ ದಿನ, ನನ್ನ ಕೈ ಬೇಡ. ಮಗೂಗೆ ಏನಾದ್ರೂ ಆದ್ರೆ?"

ಯಾವ ಮಾತು ಬೀಗಿತ್ತಿಯ ಬಾಯಿಂದ ಬರುತ್ತದೆಂದು ನಡುಗುತ್ತಿದ್ದೆನೋ ಅದು ನನ್ನ ಬಾಯಿಂದಲೇ ಬಂದಿತ್ತು. "ಎಂಥಾ ಮಾತಾಡ್ತೀರಿ!" ಎಂದು ಅವರು ಗದರಿದರು. ಮಗಳು ನನ್ನನ್ನೇ ನೋಡುತ್ತಿದ್ದಳು. ನಾನು ಆಗಲೇ ಅಡುಗೆಮನೆ ಬಾಗಿಲಿನವರೆಗೆ ಸರಿದುಬಿಟ್ಟಿದ್ದೆ.

ನಮ್ಮ ಮಾತು ಅರ್ಥವಾಗದ ಅಜ್ಜಿ, ತಮ್ಮ ಸರದಿ ಬಂತೆಂದುಕೊಂಡು ಚಮಚ ತೆಗೆದುಕೊಂಡರು. ಅವರ ಗಂಡ ತೀರಿಕೊಂಡು ವರ್ಷಗಳೇ ಆಗಿದ್ದವು. ಮಗು ಅವರ ಕೈಯಿಂದ ಪಾಯಸ ಚಪ್ಪರಿಸಿ, ಇನ್ನೂ ಬೇಕೆಂದು ಬಾಯಿ ತೆರೆಯಿತು.