ಆರು ರಾಯರ ಒಂದು ಪುಸ್ತಕ

ಭೀಮಸೇನ ರಾಯರು ಸೈಕಲ್ ತುಳಿದದ್ದನ್ನು ಜರ್ಮನಿಯ ಎರ್ಲಾಂಗೆನ್ನಿನಲ್ಲಿ ಯಾರೂ ನೋಡಿಲ್ಲ. ಸೈಕಲ್ ಇಲ್ಲದ ರಾಯರನ್ನೂ ಯಾರೂ ನೋಡಿಲ್ಲ. ಬೆಳಿಗ್ಗೆ ಎಂಟಕ್ಕೆ, ಊರಿಗೆ ಊರೇ ಪೆಡಲ್ ತುಳಿಯುತ್ತ ಕೆಲಸಕ್ಕೆ ಓಡುವ ಹೊತ್ತಿನಲ್ಲಿ, ಇವರು ಕ್ಯಾರಿಯರಿಗೆ ಪುಸ್ತಕದ ಗಂಟು ಕಟ್ಟಿ, ಹ್ಯಾಂಡಲ್ ಹಿಡಿದು, ಎತ್ತಿಗೆ ನೀರು ಕುಡಿಸಲು ಹೊರಟವರ ಹಾಗೆ ನಿಧಾನವಾಗಿ ನಡೆದು ಬರುತ್ತಿದ್ದರು. ಒಮ್ಮೆ ಪೊಲೀಸಿನವನೊಬ್ಬ ತಡೆದು ಪಂಕ್ಚರ್ ಆಗಿದೆಯೇ ಎಂದು ಕೇಳಿದನಂತೆ. “ಗಾಡಿ ಸರಿಯಾಗಿದೆ, ನನಗೆ ಬರುವುದಿಲ್ಲ” ಎಂದು ಇವರು ವ್ಯಾಕರಣ ತಪ್ಪದ ಜರ್ಮನ್ನಿನಲ್ಲಿ ಉತ್ತರ ಕೊಟ್ಟರು. ಅವನು ಟೋಪಿ ಮುಟ್ಟಿ ದಾರಿ ಬಿಟ್ಟ.

“ನಾನು ಕಲಿಸ್ತೇನೆ ರಾಯರೇ, ಒಂದು ಭಾನುವಾರ ಸಾಕು” ಎಂದೆ ನಾನು.

“ಬೇಡ ಮೇಸ್ತ್ರಿಗಳೇ. ಬಿದ್ರೆ ನಾನೊಬ್ನೇ ಬೀಳಲ್ಲ, ಪುಸ್ತಕಾನೂ ಬೀಳ್ತವೆ. ಅವು ನನ್ನವಲ್ಲ.”

ತನ್ನದು ಯಾವುದು, ಅಲ್ಲದ್ದು ಯಾವುದು ಎಂಬ ವಿಷಯದಲ್ಲಿ ಅವರು ಹೀಗೆಯೇ. ಗ್ರಂಥಾಲಯದ ಪೆನ್ಸಿಲಿನಲ್ಲಿ ಮನೆಗೆ ಕಾಗದ ಬರೆದವರಲ್ಲ.

ನಾನು ಪುಸ್ತಕ ಕಟ್ಟುವವನು. ಏಳನೇ ಕ್ಲಾಸನ್ನು ಅರ್ಧಕ್ಕೆ ಬಿಟ್ಟು ಮಂಗಳೂರಿನ ಒಂದು ಪ್ರೆಸ್ಸಿನ ಬೈಂಡಿಂಗ್ ವಿಭಾಗಕ್ಕೆ ಸೇರಿದೆ. ಅಲ್ಲಿದ್ದ ಜರ್ಮನ್ ಮೇಲ್ವಿಚಾರಕರು ನನ್ನ ಕೈಕೆಲಸ ನೋಡಿ ತರಬೇತಿಗೆಂದು ಈ ದೇಶಕ್ಕೆ ಕಳಿಸಿದರು. ತರಬೇತಿ ಮುಗಿದ ಮೇಲೆ ಇಲ್ಲಿಯ ಒಂದು ಸಣ್ಣ ಸಂಶೋಧನಾ ಸಂಸ್ಥೆಯವರು ತಮ್ಮ ಗ್ರಂಥಾಲಯದ ನೆಲಮಾಳಿಗೆಯಲ್ಲಿ ಒಂದು ಮೇಜು, ಒಂದು ಕಟಿಂಗ್ ಮಿಷನ್ ಕೊಟ್ಟು ಕೂರಿಸಿಕೊಂಡರು. ನಾನು ಹೊಲಿದ ಪುಸ್ತಕದಿಂದ ಹಾಳೆ ಕಿತ್ತು ಬಂದದ್ದನ್ನು ಇವತ್ತಿನವರೆಗೂ ಯಾರೂ ತಂದು ತೋರಿಸಿಲ್ಲ.

ರಾಯರು ಚಿತ್ರದುರ್ಗದ ಕಡೆಯವರು. ಅರವತ್ತರ ದಶಕ ಮುಗಿಯುತ್ತ ಬಂದಾಗ ಸಂಸ್ಥೆಯ ಸ್ಕಾಲರ್‌ಶಿಪ್ಪಿನ ಮೇಲೆ ಒಂದು ವರ್ಷಕ್ಕೆಂದು ಬಂದರು. ಯಾವ ಕಾಲದಲ್ಲೋ ಯಾರೋ ನಮ್ಮ ಕಡೆಯಿಂದ ಹಡಗಿನಲ್ಲಿ ತಂದು ಹಾಕಿದ ಕಡತಗಳ ರಾಶಿ ಇಲ್ಲಿತ್ತು. ಬಟ್ಟೆಗೆ ಹುಣಸೆ ಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಅದರ ಮೇಲೆ ಬಳಪದಲ್ಲಿ ಬರೆದ ಹಳೆಯ ಪಾಳೆಯಗಾರರ ದಫ್ತರ ಅದು. ಅದನ್ನು ಓದಿ, ಯಾವುದರಲ್ಲಿ ಏನಿದೆ ಎಂದು ಪಟ್ಟಿ ಮಾಡುವುದು ರಾಯರ ಕೆಲಸ. ಆ ಅಕ್ಷರ ಬಿಡಿಸಿ ಓದಬಲ್ಲವರು ಆ ಕಟ್ಟಡದಲ್ಲಿ ಇನ್ನೊಬ್ಬರಿರಲಿಲ್ಲ.

ಮೊದಲ ದಿನ ಹರಿದ ಕಡತವೊಂದನ್ನು ಎರಡೂ ಅಂಗೈ ಮೇಲೆ ಕೂಸಿನ ಹಾಗೆ ಮಲಗಿಸಿಕೊಂಡು ನನ್ನ ನೆಲಮಾಳಿಗೆಗೆ ಇಳಿದರು. ಕೊನೆಯ ಮೆಟ್ಟಿಲು ಕಾಣದೆ ವಾಲಿ, “ಅಯ್ಯಯ್ಯೋ, ಕಡತ!” ಎಂದರು.

“ಅದನ್ನು ನನ್ನ ಕೈಗೆ ಕೊಡಿ ಮಾರಾಯ್ರೆ, ಆಮೇಲೆ ಬೇಕಾದ್ರೆ ಬೀಳಿ” ಎಂದೆ.

ಕನ್ನಡ ಕೇಳಿ ಅವರು ನಿಜವಾಗಿಯೂ ಬೀಳುವವರಿದ್ದರು.

ಅದಕ್ಕೆ ಇಲ್ಲಿಯ ಅಂಟು ಹಿಡಿಸುವುದಿಲ್ಲ, ಹುಣಸೆ ಬೀಜದ್ದೇ ಆಗಬೇಕು ಎಂದೆ. ರಾಯರು ಫ್ರಾಂಕ್‌ಫರ್ಟಿನಲ್ಲಿದ್ದ ನಮ್ಮವರೊಬ್ಬ ಡಾಕ್ಟರ ಮನೆಗೆ ಕಾಗದ ಬರೆದರು: ಸಾರು ಮಾಡಿದ ಮೇಲೆ ಬೀಜ ಎಸೆಯಬೇಡಿ, ನಮಗೆ ಕಳಿಸಿ. ಡಾಕ್ಟರ ಹೆಂಡತಿ ಮದ್ದಿಗಿರಬೇಕೆಂದು ತಿಳಿದು ಒಂದು ಡಬ್ಬಿ ಬೀಜ ಕಳಿಸಿ, ಜೊತೆಗೆ “ರಾಯರ ಹೊಟ್ಟೆ ಈಗ ಹೇಗಿದೆ?” ಎಂದು ವಿಚಾರಿಸಿದ್ದರು. ಬೀಜ ಹುರಿದು, ಸಿಪ್ಪೆ ತೆಗೆದು, ಪುಡಿ ಮಾಡಿ, ನಾನು ಕುದಿಸುತ್ತಿದ್ದರೆ ರಾಯರು ಪಕ್ಕದಲ್ಲಿ ನಿಂತು ಮೂಗರಳಿಸಿ, “ಮೇಸ್ತ್ರಿಗಳೇ, ನೀವು ಓದಿಲ್ಲ ಅಂತ ಯಾರ ಹತ್ರಾನೂ ಹೇಳ್ಬೇಡಿ. ಈ ಪಾಠ ನನಗೆ ಯಾವ ಕಾಲೇಜಲ್ಲೂ ಸಿಕ್ಕಿರ್ಲಿಲ್ಲ” ಎಂದರು. ಓದಿದವರು ನನ್ನನ್ನು ಹೊಗಳಿದ್ದುಂಟು. ನನ್ನಿಂದ ಕಲಿತೆ ಅಂದವರು ಇವರೊಬ್ಬರೇ.

ಇಂಥವರ ದಾರಿಗೆ ನಾನು ಕಲ್ಲು ಇಟ್ಟಿದ್ದೆ, ಅವರು ಬರುವ ಎರಡು ವರ್ಷ ಮೊದಲೇ.

ಭಾರತದಿಂದ ಉಡುಗೊರೆಯಾಗಿ ಬಂದ ಒಂದು ಪೆಟ್ಟಿಗೆಯಲ್ಲಿ ಆರು ತೆಳು ಪುಸ್ತಿಕೆಗಳಿದ್ದವು. ಒಂದು ಮಿಡತೆಗಳ ಮೇಲೆ, ಒಂದು ಕಟ್ಟೆಯ ಮಣ್ಣಿನಲ್ಲಿ ನೀರು ಜಿನುಗುವುದರ ಮೇಲೆ, ಒಂದು ತಾಮ್ರಶಾಸನಗಳದು, ಒಂದು ಕಬ್ಬಿನ ರೋಗದ್ದು, ಒಂದು ಬಾಳೆನಾರಿನದು, ಇನ್ನೊಂದು ಯಾವುದೋ ಸಂಸ್ಥಾನದ ಹಳೆಯ ಕಾಗದಗಳ ಪಟ್ಟಿ. ಬರೆದವರು ಆರು ಜನ. ಊರು ಬೇರೆ, ತಂದೆ ಬೇರೆ. ಆರೂ ಹೆಸರಿನ ಕೊನೆಯಲ್ಲಿ ‘ರಾವ್’. ಗ್ರಂಥಾಲಯದವರು ಕಳಿಸಿದ ಕೆಲಸದ ಚೀಟಿಯಲ್ಲಿ ಮನೆತನದ ಹೆಸರೆಂದು ಅದನ್ನೇ ದೊಡ್ಡದಾಗಿ ಬರೆದಿದ್ದರು.

ತೆಳು ಪುಸ್ತಿಕೆಗಳನ್ನು ಒಂದೊಂದಾಗಿ ಬೂದು ರಟ್ಟಿಗೆ ಹಾಕಿ ಕಾಗದದ ಚೀಟಿ ಅಂಟಿಸುವುದು ನಿಯಮ. ಬೆನ್ನು ಬೆರಳಗಲ ಇದ್ದರೆ ಮಾತ್ರ ಬಟ್ಟೆ, ಚಿನ್ನದ ಅಕ್ಷರ. ಹತ್ತು ವರ್ಷ ನಾನು ಜರ್ಮನರ ಹೆಸರುಗಳನ್ನೇ ಚಿನ್ನದಲ್ಲಿ ಒತ್ತಿದ್ದೆ. ನಮ್ಮ ಕಡೆಯ ಒಂದು ಹೆಸರೂ ಆ ಕಪಾಟುಗಳಲ್ಲಿ ಹೊಳೆಯುತ್ತಿರಲಿಲ್ಲ. ಆರನ್ನೂ ಸೇರಿಸಿ ಹಿಡಿದು ನೋಡಿದೆ. ಬೆರಳಗಲ ಸರಿಯಾಗಿ ಇತ್ತು. ಹೊಲಿದೆ. ಕೆಂಪು ಬಟ್ಟೆ ಹಾಕಿ, ಚಿನ್ನದಲ್ಲಿ ‘ರಾವ್’ ಎಂದು ಒತ್ತಿದೆ.

ಕ್ಯಾಟಲಾಗಿನ ಕಾರ್ಡ್ ಬರೆಯುವ ಫ್ರಾವ್ ಹೈನ್ ಅದನ್ನು ತಿರುಗಿಸಿ ನೋಡಿ, “ಇದೆಲ್ಲ ಒಬ್ಬರೇ ಬರೆದದ್ದಾ?” ಎಂದು ನನ್ನನ್ನೇ ಕೇಳಿದಳು. ಭಾರತದ ವಿಷಯಕ್ಕೆ ನಾನೇ ಅಲ್ಲಿ ಪಂಡಿತ.

“ಹೌದು, ದೊಡ್ಡ ವಿದ್ವಾಂಸರು” ಎಂದೆ.

ಆರು ಕೃತಿಗೆ ಒಂದೇ ಕಾರ್ಡ್ ಆಯಿತು.

ರಾಯರ ವರ್ಷ ಮುಗಿಯುತ್ತ ಬಂತು. ಕಡತಗಳಲ್ಲಿ ಮೂರನೇ ಒಂದು ಪಾಲೂ ಮುಗಿದಿರಲಿಲ್ಲ. ಇನ್ನು ಮೂರು ವರ್ಷ ಕೊಟ್ಟರೆ ಪೂರ್ತಿ ಮಾಡುತ್ತೇನೆಂದು ಅವರು ಅರ್ಜಿ ಹಾಕಿದ್ದರು. ಒಂದು ಮಧ್ಯಾಹ್ನ ನೆಲಮಾಳಿಗೆಗೆ ಬಂದು, ಟೈಪ್ ಮಾಡಿದ ಹಾಳೆಯೊಂದನ್ನು ನನ್ನ ಮೇಜಿನ ಮೇಲಿಟ್ಟರು.

“ಪ್ರೊಫೆಸರ ಸೆಕ್ರೆಟರಿ ಕೊಟ್ಲು. ಇಲ್ಲಿಯ ಕಾರ್ಡ್ ನೋಡಿ ಮಾಡಿದ, ನಾನು ಬರೆದ ಆರು ಪುಸ್ತಕಗಳ ಪಟ್ಟಿಯಂತೆ, ಸಹಿ ಮಾಡ್ಬೇಕಂತೆ. ಸ್ಕಾಲರ್‌ಶಿಪ್ ಸಮಿತಿಯವರು ಇದನ್ನ ನೋಡಿ ಮೂರು ವರ್ಷ ಕೊಡೋಕೆ ಒಪ್ಪಿದ್ದಾರಂತೆ. ಮೇಸ್ತ್ರಿಗಳೇ, ನನಗೆ ಮಿಡತೆ ಕಂಡ್ರೆ ಭಯ. ನಾನು ಮಿಡತೆ ಮೇಲೆ ಯಾವಾಗ ಬರೆದೆ?”

ಆರನೆಯದು, ಕಾಗದಗಳ ಪಟ್ಟಿ, ಅವರದು. ಆ ಆರು ಜನರಲ್ಲಿ ಅವರೂ ಒಬ್ಬರು ಎಂದು ನನಗೆ ಹೊಳೆದೇ ಇರಲಿಲ್ಲ.

“ಸಹಿ ಮಾಡಿ ರಾಯರೇ. ಯಾರಿಗೆ ಗೊತ್ತಾಗ್ತದೆ? ಆ ಕಡತ ಓದುವವರು ಬೇರೆ ಯಾರುಂಟು?”

“ಗೊತ್ತಾಗಲ್ಲ. ಅದಕ್ಕೇ ಭಯ.” ಹಾಳೆಯನ್ನು ಕೈಗೆತ್ತಿಕೊಂಡು ಅಂದರು: “ಆ ಮಿಡತೆ ರಾಯರು ಎಷ್ಟು ವರ್ಷ ಹೊಲದಲ್ಲಿ ಬಿಸಿಲು ತಿಂದಿರ್ಬೇಕು ನೋಡಿ. ಅದನ್ನ ನಾನು ನುಂಗ್ಲಾ? ಪ್ರೊಫೆಸರಿಗೆ ಹೇಳ್ತೀನಿ. ಆದ್ರೆ ಹೇಳಿದ್ರೆ ಆರನ್ನೂ ಒಟ್ಟಿಗೆ ಕಟ್ಟಿದ್ದು ಯಾರು ಅಂತ ಬರುತ್ತೆ. ಅದಕ್ಕೆ ನಿಮ್ಗೆ ಮೊದ್ಲು ತಿಳಿಸ್ಬೇಕು ಅಂತ ಬಂದೆ.”

ಬೈಯಲು ಬಂದಿದ್ದಾರೆ ಎಂದುಕೊಂಡು ನಾನು ಎದೆ ಸೆಟೆಸಿ ನಿಂತಿದ್ದೆ. ಅವರು ನನ್ನ ಕೆಲಸ ಹೋದೀತೆಂದು ಹೆದರಿ ಬಂದಿದ್ದರು.

“ಗೊತ್ತಿದ್ದೇ ಕಟ್ಟಿದೆ” ಎಂದೆ. ಚಿನ್ನದ ಅಕ್ಷರದ ಆಸೆಯನ್ನೂ ಹೇಳಿದೆ. ರಾಯರು ಆ ಕೆಂಪು ಪುಸ್ತಕ ತರಿಸಿ ಬೆನ್ನು ಸವರಿದರು. ಆಮೇಲೆ ನಕ್ಕುಬಿಟ್ಟರು.

“ಊರಲ್ಲಾಗಿದ್ರೆ ಈ ಆರು ಜನ ಒಂದೇ ಪಂಕ್ತೀಲಿ ಊಟಕ್ಕೆ ಕೂರ್ತಿದ್ರೋ ಇಲ್ವೋ! ನೀವು ಒಂದೇ ದಾರದಲ್ಲಿ ಹೊಲಿದುಬಿಟ್ರಲ್ರೀ!”

“ನಾನೂ ಬರ್ತೇನೆ ಪ್ರೊಫೆಸರ ಹತ್ರ. ಯಾರದೋ ಬೆನ್ನ ಹಿಂದೆ ಅಡಗಿ ನಿಂತ ಜನ ಅಲ್ಲ ನಾನು.”

ಹೋದೆವು. ಅಂಟಿನ ಕಲೆಯ ಏಪ್ರನ್ನಿನಲ್ಲೇ ನಾನು ಸಂಸ್ಥೆ ನಡೆಸುವ ಪ್ರೊಫೆಸರ ಕೋಣೆಯ ಕಾರ್ಪೆಟ್ಟಿನ ಮೇಲೆ ನಿಂತೆ. ರಾವ್ ಎಂಬುದು ನಮ್ಮಲ್ಲಿ ಮನೆತನದ ಹೆಸರಲ್ಲ, ಗೌರವಕ್ಕೆ ಹೆಸರಿನ ಜೊತೆ ಬರುವುದು, ಇಲ್ಲಿಯ ಫಾರ್ಮುಗಳಲ್ಲಿ ಮನೆತನದ ಖಾನೆ ಖಾಲಿ ಬಿಡುವಂತಿಲ್ಲವೆಂದು ಅಲ್ಲಿ ಹೋಗಿ ಕೂರುತ್ತದೆ ಎಂದು ರಾಯರು ಬಿಡಿಸಿ ಹೇಳಿದರು. ಕಟ್ಟಿದವನು ನಾನು, ಕೇಳಿದಾಗ ಸುಳ್ಳು ಹೇಳಿದವನೂ ನಾನು ಎಂದು ನಾನು ಹೇಳಿದೆ.

“ಹಾಗಾದರೆ ನಿಮ್ಮದು ಎಷ್ಟು?” ಎಂದರು ಪ್ರೊಫೆಸರು.

“ಒಂದು. ನಲವತ್ತೆರಡು ಪುಟ.”

ಪ್ರೊಫೆಸರು ಎದ್ದು ರಾಯರ ಕೈ ಕುಲುಕಿದರು. ಅದು ದೊಡ್ಡ ಮರ್ಯಾದೆಯೇ. ಆದರೆ ಸಮಿತಿ ಕೊಟ್ಟದ್ದು ಆರು ತಿಂಗಳು. ಮೊದಲಿಂದ ಒಂದೇ ಕೃತಿ ಎಂದಿದ್ದರೆ ಒಂದು ವರ್ಷವಾದರೂ ಕೊಡುವುದು ವಾಡಿಕೆಯಂತೆ. ಆರು ಕಂಡ ಕಣ್ಣಿಗೆ ಒಂದು ತೀರಾ ಸಣ್ಣದಾಗಿ ಕಂಡಿತು. ನನ್ನನ್ನು ಕೆಲಸದಲ್ಲಿ ಇಟ್ಟುಕೊಂಡರು. ಕೆಂಪು ಪುಸ್ತಕವನ್ನು ಬಿಚ್ಚಿ, ಆರು ಬೂದು ರಟ್ಟಿಗೆ ನಾನೇ ಹಾಕಿದೆ.

ಆ ಆರು ತಿಂಗಳು ರಾಯರು ಶನಿವಾರ, ಭಾನುವಾರವೆಂದು ನೋಡಲಿಲ್ಲ. ಮಡಿಕೆ ಸಡಿಲಾದ ಕಡತಗಳನ್ನು ನಾನು ಕೆಳಗೆ ಸರಿಮಾಡಿ ಕೊಟ್ಟ ಹಾಗೆ ಅವರು ಮೇಲೆ ಓದುತ್ತ ಹೋದರು. ಅರ್ಧ ದಾಟಿತು. ಅಷ್ಟರಲ್ಲಿ ವೀಸಾ ಮುಗಿಯಿತು.

ಸ್ಟೇಷನ್ನಿಗೆ ನಾನೊಬ್ಬನೇ ಹೋಗಿದ್ದೆ. ಗಾಡಿಗೆ ಇನ್ನೂ ಹೊತ್ತಿತ್ತು. ಅಷ್ಟು ದಿನ ಮನಸ್ಸಿನಲ್ಲಿದ್ದದ್ದನ್ನು ಹೇಳಿದೆ: “ನಾನು ಹಾಗೆ ಕಟ್ಟದೇ ಇದ್ದಿದ್ರೆ ನಿಮಗೆ ಇನ್ನೂ ಆರು ತಿಂಗಳು ಸಿಕ್ತಿತ್ತು ರಾಯರೇ.”

“ಸಿಕ್ತಿತ್ತು” ಎಂದರು.

ಸುಮ್ಮನೆ ಸಮಾಧಾನ ಹೇಳುವವರಲ್ಲ ಅವರು. ಆ ಒಂದು ಮಾತು ನನ್ನನ್ನು ಅವರ ಸಮಕ್ಕೆ ನಿಲ್ಲಿಸಿತು. ಮಕ್ಕಳಿಗೆ ಹೇಳುವ ಹಾಗೆ “ಪರವಾಗಿಲ್ಲ ಬಿಡಿ” ಎನ್ನಲಿಲ್ಲ. ಗಾಡಿ ಬಂತು. ಮೆಟ್ಟಿಲು ಹತ್ತಿ ತಿರುಗಿ, “ಉಳಿದ ಕಡತಕ್ಕೆ ತೇವ ತಾಗ್ಬಾರ್ದು ಮೇಸ್ತ್ರಿಗಳೇ. ಮಡಚಿ ಇಟ್ಟಲ್ಲೇ ಬಿಟ್ರೆ ಮಡಿಕೇಲಿ ಒಡೆಯುತ್ತೆ. ಓದೋನು ಒಬ್ಬ ಬರ್ತಾನೆ. ನಾಳೆ ಅಲ್ಲ, ಆದ್ರೆ ಬರ್ತಾನೆ” ಎಂದರು.

ಊರಿನಿಂದ ಎರಡು ಕಾಗದ ಬಂದವು. ಮೂರನೆಯದು ಬರಲಿಲ್ಲ. ರಾಯರು ತೀರಿಕೊಂಡರೆಂದು ಫ್ರಾಂಕ್‌ಫರ್ಟಿನ ಡಾಕ್ಟರು ಫೋನ್ ಮಾಡಿ ಹೇಳಿದರು. ಅವತ್ತು ನಾನು ಒಂದು ಹೊಲಿಗೆಯನ್ನೂ ಹಾಕಲಿಲ್ಲ.

ಈಗ ಎಪ್ಪತ್ತರ ದಶಕವೂ ಮುಗಿಯುತ್ತ ಬಂತು. ಓದುವವನು ಇನ್ನೂ ಬಂದಿಲ್ಲ. ಪ್ರತಿ ವರ್ಷ ಜೂನ್ ತಿಂಗಳಲ್ಲಿ, ನಾಲ್ಕು ದಿನ ಒಣ ಗಾಳಿ ಬೀಸಿದಾಗ, ನಾನು ಉಳಿದ ಕಡತಗಳನ್ನು ಮೇಲಿನ ಕೋಣೆಯ ಉದ್ದ ಮೇಜಿನ ಮೇಲೆ ಬಿಡಿಸುತ್ತೇನೆ. ಬಳಪದ ಮೇಲೆ ಕೈ ತಾಗದ ಹಾಗೆ ಅಂಚು ಹಿಡಿದು ತಿರುವಿ ಹಾಕುತ್ತೇನೆ. ಆ ಅಕ್ಷರಗಳು ನನಗೆ ಕೂಡಿ ಮಾತಾಗುವುದಿಲ್ಲ. ಅಲ್ಲೊಂದು ಇಲ್ಲೊಂದು ಸಿಕ್ಕಿದರೆ ಹೆಚ್ಚು. ಇವತ್ತು ಹದಿನೇಳು ಬಿಡಿಸಿದೆ. ನಾಳೆ ಗಾಳಿ ಹೀಗೇ ಇದ್ದರೆ ಇನ್ನಷ್ಟು.