ಡೌಟಪ್ಪನ ಸಹಿ

ಹೆತ್ತವರಿಟ್ಟ ಹೆಸರಿನಿಂದ ಬಸ್ ಡಿಪೋದಲ್ಲಿ ಅವನನ್ನು ಯಾರೂ ಕರೆಯುವುದಿಲ್ಲ. ಡ್ರೈವರುಗಳಿಗೆ, ಕಂಡಕ್ಟರುಗಳಿಗೆ, ಕೊನೆಗೆ ಮ್ಯಾನೇಜರಿಗೂ ಅವನು ಡೌಟಪ್ಪ. ಬ್ರೇಕ್ ನೋಡುವುದು ಅವನ ಕೆಲಸ. ಬಸ್ಸು ಗೇಟು ದಾಟಬೇಕಾದರೆ ಫಿಟ್ ಚೀಟಿಗೆ ಅವನ ಸಹಿ ಬೀಳಬೇಕು. ಸಹಿ ಬೀಳಬೇಕಾದರೆ ಅವನು ಗುಂಡಿಗಿಳಿದು, ಬಸ್ಸಿನ ಕೆಳಗೆ ಕತ್ತು ಎತ್ತಿ ನಿಂತು, ಬ್ರೇಕಿನ ಲೈನಿಂಗನ್ನು ಬೆರಳಿನಿಂದ ಮುಟ್ಟಿ, ಗಾಳಿಯ ಪೈಪಿಗೆ ಕಿವಿ ಕೊಟ್ಟು, ಚಕ್ರದ ನಟ್ಟುಗಳಿಗೆ ಸುತ್ತಿಗೆಯಿಂದ ಒಂದೊಂದೇ ಏಟು ಹಾಕಿ ಸದ್ದು ಕೇಳಬೇಕು. ಉಳಿದವರಿಗೆ ಇದು ಐದು ನಿಮಿಷದ ಕೆಲಸ. ಇವನಿಗೆ ಇಪ್ಪತ್ತು.

"ನಿನ್ನೆ ತಾನೇ ನೋಡಿದ್ದೀಯಲ್ಲ ಮಾರಾಯಾ, ಜನ ಕಾಯ್ತಿದ್ದಾರೆ, ಹಾಕು ಸಹಿ," ಎಂದು ಡ್ರೈವರ್ ಹಲ್ಲು ಕಡಿದರೆ, "ನಿನ್ನೆ ನೋಡಿದ್ದಕ್ಕೆ ನಿನ್ನೆನೇ ಹಾಕಿದೀನಿ," ಎಂದು ಗುಂಡಿಯೊಳಗಿಂದ ಉತ್ತರ ಬರುತ್ತದೆ. ಮ್ಯಾನೇಜರು ಎರಡು ಸಲ ಮೆಮೋ ಕೊಟ್ಟು ಸುಸ್ತಾದರು. ಮೂರನೆಯದನ್ನು ಬರೆದವರು ಯಾಕೋ ತಾವೇ ಹರಿದು ಹಾಕಿದರು.

ಹುಟ್ಟುತ್ತಲೇ ಅವನು ಹೀಗಿರಲಿಲ್ಲ. ಇಪ್ಪತ್ತೇಳರ ವಯಸ್ಸಿನಲ್ಲಿ ಒಂದು ದಿನ ಜೊತೆಯವನು "ನಾನು ನೋಡಿದೀನಿ, ಎಲ್ಲ ಸರಿ ಇದೆ" ಎಂದ. ಇವನು ಕಣ್ಣು ಮುಚ್ಚಿಕೊಂಡು ಸಹಿ ಹಾಕಿದ. ಡಿಪೋದ ಹಿಂದಿನ ಇಳಿಜಾರಿನಲ್ಲಿ ಬಸ್ಸು ನಿಲ್ಲಲೇ ಇಲ್ಲ, ಹೋಗಿ ಗೋಡೆಗೆ ಗುದ್ದಿತು. ಒಳಗೆ ಪ್ರಯಾಣಿಕರಿರಲಿಲ್ಲ, ಆದರೆ ಡ್ರೈವರನ ಎಡಗಾಲು ಎರಡು ಕಡೆ ಮುರಿಯಿತು. ವಿಚಾರಣೆಗೆ ಬಂದವರು ಯಾರು ನೋಡಿದ್ದು ಎಂದು ಕೇಳಲಿಲ್ಲ. ಸಹಿ ಯಾರದು ಎಂದು ಕೇಳಿದರು.

ಅದೇ ತಿಂಗಳು ಅವರ ಪ್ರಾರ್ಥನಾ ಮಂದಿರದಲ್ಲಿ ಪುಸ್ತಕದ ದಿನ ಬಂತು. ಆ ಸಣ್ಣ ಮಂದಿರದ ಪದ್ಧತಿ ಇಷ್ಟೇ: ವರ್ಷಕ್ಕೊಂದು ದಿನ ದೊಡ್ಡವರಾದ ಎಲ್ಲರೂ ಸಾಲಿನಲ್ಲಿ ಬಂದು, ಮೇಜಿನ ಮೇಲಿನ ದಪ್ಪ ಪುಸ್ತಕದಲ್ಲಿ ಆ ವರ್ಷದ ತಮ್ಮ ಮನೆಯ ಪುಟ ತೆರೆದು, "ನಾನು ನಂಬಿದ್ದೇನೆ" ಎಂಬ ಸಾಲಿನ ಮುಂದೆ ಸಹಿ ಹಾಕಬೇಕು. ಅಲ್ಲಿಯವರೆಗೆ ಅವನೂ ಹಾಕುತ್ತಿದ್ದ. ಆ ವರ್ಷ ಮಾತ್ರ ಪೆನ್ನು ಹಿಡಿದ ಕೈ ನಿಂತುಬಿಟ್ಟಿತು. ಇದನ್ನು ನಾನು ನೋಡಿದ್ದೇನೆಯೇ? ಅಪ್ಪ ನೋಡಿದ್ದರಂತೆ, ಅಪ್ಪನ ಅಪ್ಪ ನೋಡಿದ್ದರಂತೆ. ನಾನು? ಹಿಂದಿನವರು ಕೆಮ್ಮತೊಡಗಿದರು. ಅವನು ಪೆನ್ನು ಕೆಳಗಿಟ್ಟು ಹೊರಗೆ ನಡೆದ. ಮತ್ತೆ ಆ ಮೆಟ್ಟಿಲು ಹತ್ತಲಿಲ್ಲ.

ಓಣಿಯವರು ಅವನನ್ನು ನಾಸ್ತಿಕನೆಂದರು. ಅನ್ನುವವರ ಬಾಯಿಗೆ ಬೀಗ ಹಾಕಲಾಗುತ್ತದೆಯೇ? ಆದರೆ ಅವನು ಇಲ್ಲವೆಂದೂ ಹೇಳಿದವನಲ್ಲ. "ಇದೆ ಅಂತ ಹೇಳೋಕೂ ನೋಡಿರಬೇಕು, ಇಲ್ಲ ಅಂತ ಹೇಳೋಕೂ ನೋಡಿರಬೇಕು. ನಾನಿನ್ನೂ ನೋಡ್ತಾ ಇದೀನಿ," ಎನ್ನುತ್ತಿದ್ದ. ಸಾಲಿನಲ್ಲಿ ನಿಂತು, ಪಕ್ಕದವರೊಂದಿಗೆ ಮಗಳ ಮದುವೆಯ ಮಾತಾಡುತ್ತಲೇ ಸಹಿ ಗೀಚಿ ಹೋಗುವವರ ನಡುವೆ, ಆ ಒಂದು ಸಾಲನ್ನು ಪೂರ್ತಿ ಓದಿದವನು ಅವನೊಬ್ಬನೇ. ನಂಬಿಕೆಗೆ ಅದಕ್ಕಿಂತ ದೊಡ್ಡ ಮರ್ಯಾದೆಯನ್ನು ಆ ಮಂದಿರದಲ್ಲಿ ಯಾರು ಕೊಟ್ಟಿದ್ದರೋ ನನಗಂತೂ ತಿಳಿಯದು.

ಎರಡು ವರ್ಷದ ಮೇಲೆ ಅದೇ ಮಂದಿರದ ಕುಟುಂಬವೊಂದರ ಹುಡುಗಿಯನ್ನು ಮದುವೆಯಾದ. ಆಕೆ ಮನೆಯಲ್ಲೇ ಶಾಲಾ ಸಮವಸ್ತ್ರ ಹೊಲಿಯುತ್ತಾಳೆ, ಮಾತು ಕಡಿಮೆ. ಯಾರಾದರೂ ಮಂದಿರಕ್ಕೆ ಕರೆಯಲು ಬಂದರೆ ಅವನೇ ಬಾಗಿಲಿಗೆ ಹೋಗಿ, "ನಮ್ಮ ಮನೇಲಿ ಅದೆಲ್ಲ ಇಲ್ಲ," ಎಂದು ಕಳಿಸುತ್ತಿದ್ದ. ಒಳಗೆ ಮೆಷಿನ್ನು ಒಂದು ಕ್ಷಣ ನಿಂತು ಮತ್ತೆ ಓಡುತ್ತಿತ್ತು.

ಹೀಗೆ ಅವನು ಮಂದಿರ ಬಿಟ್ಟು ಇಪ್ಪತ್ತೈದು ವರ್ಷ ಕಳೆದ ಮೇಲೆ ಒಂದು ಬೆಳಿಗ್ಗೆ ಮಂದಿರದಿಂದ ಪತ್ರ ಬಂತು. ಅವನು ಎದ್ದುನಿಂತು ಓದಿದ. ಕಳೆದ ಇಪ್ಪತ್ತೈದು ವರ್ಷ ಒಮ್ಮೆಯೂ ತಪ್ಪದೆ ಪುಸ್ತಕಕ್ಕೆ ಸಹಿ ಹಾಕಿದ್ದಕ್ಕಾಗಿ ಈ ಸಲ ಅವನನ್ನು ಎಲ್ಲರ ಮುಂದೆ ಸನ್ಮಾನಿಸುತ್ತಾರಂತೆ!

"ಯಾರಿಗೋ ಬರೆದದ್ದು ಇಲ್ಲಿಗೆ ಬಂದಿದೆ," ಎಂದ.

ಹೆಂಡತಿ ಲಕೋಟೆ ತಿರುಗಿಸಿ ನೋಡಿ, "ನಿಮ್ಮದೇ ಹೆಸರಿದೆ. ಪುಸ್ತಕ ನೋಡ್ಕೊಳ್ಳೋರು ನಿಮ್ಮಣ್ಣ ಅಲ್ವಾ? ಹೋಗಿ ಕೇಳಿ," ಎಂದಳು.

ಅಣ್ಣ ಅಂಚೆ ಕಚೇರಿಯ ಗುಮಾಸ್ತ. ಮುತ್ತು ಪೋಣಿಸಿದಂಥ ಕೈಬರಹ. ಅದಕ್ಕೇ ಮಂದಿರದವರು ಮೂವತ್ತು ವರ್ಷದಿಂದ ಪುಸ್ತಕವನ್ನು ಅವನ ವಶಕ್ಕೆ ಬಿಟ್ಟಿದ್ದರು. ಡೌಟಪ್ಪ ಕೌಂಟರಿನ ಕಿಂಡಿಯಲ್ಲಿ ಪತ್ರ ತೂರಿಸಿದಾಗ ಅಣ್ಣನ ಮುಖ ಬಿಳಿಚಿಕೊಂಡಿತು. ಮೊಹರು ಒತ್ತುತ್ತಿದ್ದ ಕೈ ನಿಂತಿತು.

"ಆ ಹೊಸ ಕಾರ್ಯದರ್ಶಿ ಹಳೇ ಪುಟ ಎಣಿಸ್ತಾನೆ ಅಂತ ನನಗೇನು ಗೊತ್ತಿತ್ತೋ?"

"ನೀನು ಹಾಕಿದ್ದಾ?"

"ಮೂರು ವರ್ಷ ಸಹಿ ಇಲ್ಲದಿದ್ರೆ ಹೆಸರು ತೆಗೀತಾರೆ ಕಣೋ."

"ತೆಗೀಲಿ ಬಿಡು. ನನ್ನ ಹೆಸರು, ನನ್ನ ಕರ್ಮ."

ಅಣ್ಣ ಕಿಂಡಿಗೆ ಹತ್ತಿರ ಬಾಗಿದ. "ಅಪ್ಪ ಅಮ್ಮ ಇಬ್ಬರೂ ಹೋಗಿದ್ದಾರೆ. ನಾಳೆ ನಾನೂ ಹೋಗ್ತೀನಿ. ಅಲ್ಲಿ ಎಲ್ಲರೂ ಇದ್ದು ನೀನೊಬ್ಬ ಹೊರಗೆ ನಿಂತಿದ್ರೆ, ನಾನು ಒಳಗಿದ್ದು ಏನು ಮಾಡ್ಲೋ?"

ಜಗಳಕ್ಕೆಂದು ಏರಿಸಿ ಬಂದಿದ್ದ ತೋಳನ್ನು ಡೌಟಪ್ಪ ಕೆಳಗಿಳಿಸಿದ. ಅವನಿಗೆ ಅಣ್ಣನೆಂದರೆ ಪ್ರಾಣ. ಚಿಕ್ಕಂದಿನಲ್ಲಿ ಶಾಲೆಗೆ ಹೆಗಲ ಮೇಲೆ ಹೊತ್ತು ಹೋದವನು. ಈಗ ಸ್ವರ್ಗಕ್ಕೂ ಹೊತ್ತುಕೊಂಡೇ ಹೋಗಬೇಕೆಂದಿದ್ದಾನೆ.

"ಸುಮ್ಮನೆ ಬಂದು ಒಂದು ಶಾಲು ಹೊದೆಸಿಕೊಂಡು ಹೋಗೋ. ಇಲ್ಲದಿದ್ರೆ ಪುಸ್ತಕ ನನ್ನ ಕೈಯಿಂದ ಕಿತ್ಕೋತಾರೆ. ಮಾನ ಹೋಗತ್ತೆ."

"ಅಣ್ಣ, ಒಂದು ಸಲ ಬೇರೆಯವರ ಮಾತು ನಂಬಿ ಸಹಿ ಹಾಕಿ ಒಬ್ಬನ ಕಾಲು ಮುರಿದೆ. ನೀನು ಇಪ್ಪತ್ತೈದು ಸಲ ನನ್ನನ್ನೇ ಬೇರೆಯವನನ್ನಾಗಿ ಮಾಡಿದೀಯ. ನಾನು ಬರ್ತೀನಿ. ಶಾಲಿಗಲ್ಲ."

ಪುಸ್ತಕದ ದಿನ ಅವನು ಡಿಪೋದ ನೀಲಿ ಅಂಗಿಯಲ್ಲೇ ಹೊರಟ. ಹೆಂಡತಿ ಯಾರೂ ಕರೆಯದೆ ಸೆರಗು ಸರಿಮಾಡಿಕೊಂಡು ಜೊತೆಗೆ ಬಂದಳು. ತನ್ನ ಬೆಂಬಲಕ್ಕೆ ಬರುತ್ತಿದ್ದಾಳೆಂದು ಅವನಿಗೆ ಒಳಗೊಳಗೇ ಹಿಗ್ಗು.

ಮಂದಿರದಲ್ಲಿ ಬೆಂಚು ತುಂಬ ಜನ. ಮೇಜಿನ ಹಿಂದೆ ಹಿರಿಯರು, ಪಕ್ಕದಲ್ಲಿ ತಲೆ ತಗ್ಗಿಸಿದ ಅಣ್ಣ. ಶಾಲು ಎತ್ತಿಕೊಂಡು ಬಂದ ಕಾರ್ಯದರ್ಶಿಯನ್ನು ಡೌಟಪ್ಪ ಕೈಯಲ್ಲೇ ತಡೆದ.

"ಈ ಸಹಿಗಳು ನನ್ನವಲ್ಲ. ನಾನು ಇಪ್ಪತ್ತೈದು ವರ್ಷದಿಂದ ಇಲ್ಲಿಗೆ ಬಂದೇ ಇಲ್ಲ. ಇದು ನಿಮಗೆಲ್ಲರಿಗೂ ಗೊತ್ತು. ಒಬ್ಬರಾದರೂ ಕೇಳಿದ್ರಾ?"

ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹಿರಿಯರು ನಯವಾಗಿ, "ಯಾಕಪ್ಪ ಹಠ? ಒಂದು ಸಹಿ ತಾನೇ, ಇದ್ದರೆ ಇರಲಿ. ಯಾರಿಗೇನು ನಷ್ಟ?" ಎಂದರು.

"ಬರೀ ಸಹಿ ಆಗಿದ್ರೆ ವರ್ಷಾ ವರ್ಷಾ ಯಾಕೆ ಹಾಕಿಸ್ಕೋತೀರಿ? ಬರೀ ಸಹಿ ಅಲ್ಲದಿದ್ರೆ ಇನ್ನೊಬ್ಬ ಹೇಗೆ ಹಾಕ್ತಾನೆ? ಎರಡರಲ್ಲಿ ಒಂದು ಹೇಳಿ ಸ್ವಾಮಿ."

ಹಿರಿಯರು ಕನ್ನಡಕ ಒರೆಸಿಕೊಂಡರು. "ನಂಬಿಕೆ ಇಲ್ಲ ಅಂತ ಈಗಲೇ ಬರೆದುಕೊಡು ಹಾಗಾದರೆ."

"ಅದನ್ನೂ ಬರೆಯಲ್ಲ. ಗೊತ್ತಿಲ್ಲದ್ದಕ್ಕೆ ಈ ಕಡೆಯಿಂದಲೂ ಸಹಿ ಇಲ್ಲ, ಆ ಕಡೆಯಿಂದಲೂ ಇಲ್ಲ. ದೇವರಿದ್ರೆ ನನ್ನನ್ನ ನಾನಾಗಿ ನೋಡ್ಲಿ. ಅಣ್ಣನ ಕೈಬರಹದಲ್ಲಿ ಅವನ ಮುಂದೆ ನಿಲ್ಲೋಕೆ ನಂಗಿಷ್ಟ ಇಲ್ಲ."

ಹೇಳಿದವನೇ ಪೆನ್ನು ಕೇಳಿದ. ಯಾರೂ ಕೊಡಲಿಲ್ಲ. ಕೊನೆಗೆ ಅಣ್ಣನೇ ಜೇಬಿನಿಂದ ತನ್ನ ಪೆನ್ನು ತೆಗೆದು ಮುಂದಿಟ್ಟ, ಪುಸ್ತಕವನ್ನೂ ಅವನ ಕಡೆ ತಿರುಗಿಸಿದ. ಅಣ್ಣನ ಕಣ್ಣು ತುಂಬಿತ್ತು. ಅದನ್ನು ನೋಡಿಯೂ ಇವನು ಪೆನ್ನು ಎತ್ತಿಕೊಂಡ. ಸುಲಭವಾಗಿತ್ತೆಂದು ಯಾರೂ ತಿಳಿಯಬಾರದು.

ಇಪ್ಪತ್ತೇಳರ ಹರೆಯದಲ್ಲಿ ಅವನ ಸಹಿಗೆ ಉದ್ದನೆಯ ಬಾಲವಿತ್ತು. ಚೀಟಿಗಳಿಗೆ ಗೀಚಿ ಗೀಚಿ ಆ ಬಾಲ ಎಂದೋ ಸವೆದು ಹೋಗಿತ್ತು. ಪುಸ್ತಕದಲ್ಲಿ ಮಾತ್ರ ಅಣ್ಣ ಅದನ್ನು ಪ್ರತಿ ವರ್ಷ ಹಾಗೆಯೇ ಉಳಿಸಿದ್ದ. ಅವನು ಒಂದೊಂದೇ ಪುಟ ತಿರುವಿ, ಒಂದೊಂದೇ ಬಾಲಕ್ಕೆ ಅಡ್ಡಗೆರೆ ಎಳೆದ. ಒಂದು ವರ್ಷ, ಎರಡು ವರ್ಷ. ಮೂರನೆಯ ಪುಟದಲ್ಲಿ ಅವನ ಹೆಸರಿನ ಕೆಳಗೆ ಹೊಸದಾಗಿ ಇನ್ನೊಂದು ಹೆಸರು: ಹೆಂಡತಿಯದು. ಅದರ ಮುಂದೆಯೂ ಅದೇ ಮುತ್ತಿನಂಥ ಅಕ್ಷರದ ಸಹಿ.

"ಇವಳದ್ದೂ ಬಿಟ್ಟಿಲ್ವಾ ನೀನು!" ಎಂದು ಅವನು ಪೆನ್ನನ್ನು ಆ ಸಾಲಿಗೂ ಇಳಿಸಿದ.

ಅವನ ಮಣಿಕಟ್ಟನ್ನು ಯಾರೋ ಹಿಡಿದರು. ಸೂಜಿ ಚುಚ್ಚಿ ಚುಚ್ಚಿ ಗಡುಸಾದ ಬೆರಳುಗಳು.

"ಅದು ನಂದು," ಎಂದಳು ಹೆಂಡತಿ.

"ನಿಂದೇ ಕಣೇ. ಅದಕ್ಕೇ ಹೊಡೆದುಹಾಕ್ತಿದೀನಿ. ನಾವು ಯಾವತ್ತು ಇಲ್ಲಿಗೆ ಬಂದು…"

"ನಾವು ಅಂದ್ರೆ ಯಾರು? ನೀವು ಬರಲಿಲ್ಲ, ನಾನೂ ಬರಲಿಲ್ಲ. ನೀವ್ಯಾಕೆ ಬರಲಿಲ್ಲ ಅಂತ ಊರಿಗೆಲ್ಲ ಗೊತ್ತು. ನಾನ್ಯಾಕೆ ಬರಲಿಲ್ಲ ಅಂತ ನೀವು ಒಂದಿನ ಕೇಳಿದ್ರಾ?"

ಅವನು ಕೇಳಿರಲಿಲ್ಲ. ಇಪ್ಪತ್ತಮೂರು ವರ್ಷ ಬಾಗಿಲಲ್ಲಿ ನಿಂತು ಅವಳ ಪರವಾಗಿ ತಾನೇ ಉತ್ತರ ಕೊಟ್ಟಿದ್ದ. ಅಣ್ಣ ಕಾಗದದ ಮೇಲೆ ಮಾಡಿದ್ದನ್ನು ತಾನು ಬಾಯಿಯಲ್ಲಿ ಮಾಡಿದ್ದೆ ಎಂದು ಅವನಿಗೆ ಅಲ್ಲಿ, ಅಷ್ಟು ಜನರ ಮುಂದೆ, ಅರ್ಥವಾಯಿತು. ನಾಚಿಕೆಯಿಂದ ಕಿವಿ ಕೆಂಪಾದವು.

ಅವನು ಪೆನ್ನು ಬಿಟ್ಟುಕೊಟ್ಟ.

ಅವಳು ಮೊದಲು ತನ್ನ ಹೆಸರಿನ ಮುಂದಿದ್ದ ಸಹಿಗಳನ್ನೆಲ್ಲ ಪುಟ ತಿರುವಿ ತಾನೇ ಹೊಡೆದುಹಾಕಿದಳು. "ಭಾವ, ಪ್ರೀತಿಯಿಂದಲೇ ಹಾಕಿದೀರ. ಆದ್ರೂ ಇವು ನನ್ನವಲ್ಲ," ಎಂದಳು. ಆಮೇಲೆ ಈ ವರ್ಷದ ಪುಟ ತೆರೆದು, "ನಾನು ನಂಬಿದ್ದೇನೆ" ಎಂಬ ಸಾಲನ್ನು ತುಟಿ ಅಲ್ಲಾಡಿಸಿ ನಿಧಾನವಾಗಿ ಓದಿ, ಬಟ್ಟೆಗೆ ಗುರುತು ಹಾಕುವಷ್ಟೇ ಜೋಪಾನವಾಗಿ ಸಹಿ ಹಾಕಿದಳು. ಅಕ್ಷರ ಸೊಟ್ಟಗಿತ್ತು.

ಹಿರಿಯರ ಮುಖ ಅರಳಿತು. "ನೋಡಪ್ಪ, ನಿನ್ನ ಹೆಂಡತಿಯಾದ್ರೂ…" ಎಂದು ಶುರುಮಾಡಿದರು.

"ಅವರಿಗೆ ಬುದ್ಧಿ ಹೇಳೋಕೆ ನನ್ನ ಸಹಿ ಬಳಸಬೇಡಿ," ಎಂದು ಅವಳು ಅವರ ಮಾತು ಅಲ್ಲೇ ತುಂಡರಿಸಿದಳು.

ಉಳಿದ ಪುಟಗಳಲ್ಲಿ ತನ್ನ ಹೆಸರಿನ ಸಹಿಗಳಿಗಷ್ಟೇ ಗೆರೆ ಎಳೆದು ಮುಗಿಸಿ, ಹೊರಗೆ ಮೆಟ್ಟಿಲಿಳಿಯುವಾಗ ಡೌಟಪ್ಪ ತಡೆಯಲಾರದೆ ಕೇಳಿದ. ಮದುವೆಯಾದ ಮೇಲೆ ಅವಳಿಗೆ ಅವನು ಕೇಳಿದ ಮೊದಲ ನಿಜವಾದ ಪ್ರಶ್ನೆ ಅದು. "ಹಾಗಾದ್ರೆ ನಿಂಗೆ ಡೌಟೇ ಇಲ್ವೇನೇ?"

"ಯಾಕಿಲ್ಲ? ಬೇಕಾದಷ್ಟಿದೆ," ಎಂದಳು ಅವಳು, ಚಪ್ಪಲಿಗೆ ಕಾಲು ತೂರಿಸುತ್ತ. "ಇಟ್ಕೊಂಡೇ ಹಾಕಿದೆ."