ನೀವ ಅನ್ನಾಕ ಗುರುತೇನ್ರಿ?

ನನ್ನ ಮಗನ ಲಾರಿ ಆಫೀಸು ಹೊಸಪೇಟೆಯಲ್ಲಿ, ನಮ್ಮ ಮನೆಯ ಮುಂದಿನ ಕೋಣೆಯಲ್ಲೇ ಇತ್ತು. ನಾನು ಅಡಿಗೆಮನೆಯಲ್ಲಿ ಬೈದರೆ ಅಲ್ಲಿಗೆ ಕೇಳುತ್ತಿತ್ತು. ಅಲ್ಲಿದ್ದ ಗುಮಾಸ್ತ ಯಾರನ್ನೂ ನಂಬುತ್ತಿರಲಿಲ್ಲ. ಫೋನ್ ಎತ್ತಿದ ಕೂಡಲೇ ಕನ್ನಡಕ ಹಣೆಗೇರಿಸಿ, "ನೀವ ಅನ್ನಾಕ ಗುರುತೇನ್ರಿ?" ಅನ್ನುತ್ತಿದ್ದ. ಸ್ವಂತ ಹೆಂಡತಿ ಫೋನ್ ಮಾಡಿದರೂ ಅದೇ ಪ್ರಶ್ನೆ. ಆಕೆ ಹೆಂಗ ಸಂಸಾರ ಮಾಡಿದಳೋ!

ಒಂದು ದಿನ ಸಂಡೂರಿನಿಂದ ಫ್ಯಾಕ್ಟರಿಗೆ ಅದಿರಿನ ಲಾರಿ ಹೊರಟಿತ್ತು. ಫೋನ್ ಬಂತು, ಥೇಟ್ ನನ್ನ ಮಗನ ದನಿ: "ಗಾಡಿ ಕಂಪ್ಲಿ ಕಡೆ ತಿರುಗಿಸಾಕ ಹೇಳಪಾ, ಜಲ್ದಿ." ಲೋಡು ಕಳೆದರೆ ಫ್ಯಾಕ್ಟರಿಯವರು ನಮಗೆ ಮತ್ತೆ ಕೆಲಸ ಕೊಡುತ್ತಿರಲಿಲ್ಲ. ಗುಮಾಸ್ತನ ಕನ್ನಡಕ ಹಣೆಗೇರಿತು.

"ಇವತ್ತು ಮುಂಜಾನೆ ಅವ್ವಾರು ನಿಮಗ ಏನಂತ ಬೈದ್ರು, ಹೇಳ್ರಿ?"

ಆ ಕಡೆಯವ ಫೋನ್ ಇಟ್ಟುಬಿಟ್ಟ. ಗುಮಾಸ್ತ ನನ್ನ ಮಗನ ನಂಬರಿಗೇ ಫೋನ್ ಹಚ್ಚಿ ಅದನ್ನೇ ಕೇಳಿದ.

"ಸೋಂಬೇರಿ ಕೋಣ ಅಂದ್ಳಪಾ. ಯಾಕ?"

ಲಾರಿ ನೆಟ್ಟಗೆ ಫ್ಯಾಕ್ಟರಿಗೆ ಹೋಯಿತು.

ಆಮೇಲೆ ಫ್ಯಾಕ್ಟರಿಯಿಂದ ಕಂಪ್ಯೂಟರ್ ಭದ್ರತೆ ತಪಾಸಣೆಗೆ ಒಬ್ಬ ಸಾಹೇಬ ಬಂದ. ಚಾಪೆಯಷ್ಟು ದೊಡ್ಡ ಫಾರಂ ಬಿಚ್ಚಿ, "ಪಾಸ್‌ವರ್ಡ್ ಎಷ್ಟು ದಿನಕ್ಕೊಮ್ಮೆ ಬದಲಿಸ್ತೀರಿ?" ಅಂದ.

"ದಿನಾ ಮುಂಜಾನೆ ಅವ್ವಾರು ಬದಲಿಸ್ತಾರ್ರಿ," ಅಂದ ಗುಮಾಸ್ತ.

ಅದನ್ನು ಬರೆಯಲು ಫಾರಂನಲ್ಲಿ ಜಾಗ ಇರಲಿಲ್ಲವಂತೆ. ಸಾಹೇಬ ಕಂಪ್ಯೂಟರಿಗೆ ಹೊಸದೇನೋ ಹಾಕಿಸಿ, ಮಗನ ಹೆಸರಿಗೆ ಸರ್ಟಿಫಿಕೇಟು ಕೊಟ್ಟ. ಕೆಲಸ ಉಳಿಸಿದ ನನ್ನ ಬಾಯಿಗೆ ಒಂದು ಚೀಟಿಯೂ ಇಲ್ಲ.

ಮರುದಿನ ಮುಂಜಾನೆ ಗುಮಾಸ್ತ ಅಡಿಗೆಮನೆ ಬಾಗಿಲಿಗೆ ಬಂದು ನಿಂತ.

"ಅವ್ವಾರ, ಮಾಲಕರು ಹೊಂಟಾರ. ಇನ್ನೂ ಬೈದಿಲ್ಲಲ್ರಿ?"